ಆದಿಕಾಂಡದ ಆರು ದಿನ, ಮಲೆನಾಡಿನ 300 ಕೋಟಿ ವರ್ಷ

ಸತ್ಯವೇದದ (ಬೈಬಲಿನ) ವಂಶಾವಳಿಗಳನ್ನು ಕೂಡಿಸುತ್ತ ಹೋದರೆ ಸೃಷ್ಟಿಯಾಗಿ ಸುಮಾರು 6,000 ವರ್ಷ. ಶಿವಮೊಗ್ಗ ಸೀಮೆಯ ಗದ್ದೆ, ತೋಟ, ಕೆರೆಗಳ ಅಡಿಯಲ್ಲಿ ಹಾಸಿಕೊಂಡಿರುವ ಗ್ನೈಸ್ ಎಂಬ ಗಟ್ಟಿ ಪಟ್ಟೆಕಲ್ಲಿಗೆ ಸುಮಾರು 300 ಕೋಟಿ ವರ್ಷ. ಒಂದಕ್ಕೂ ಇನ್ನೊಂದಕ್ಕೂ ಐದು ಲಕ್ಷ ಪಟ್ಟು ಅಂತರ. ಇಷ್ಟು ದೊಡ್ಡ ಅಂತರವನ್ನು ಚೌಕಾಸಿಯಿಂದ ಸರಿಪಡಿಸಲಾಗದು; ಅಲ್ಲಷ್ಟು ಹಿಗ್ಗಿಸಿ, ಇಲ್ಲಷ್ಟು ಕುಗ್ಗಿಸಿ ನಡುವೆ ಕೂಡಿಸಲಾಗದು. ಅಡಿಕೆ ತೂಗುವ ತಕ್ಕಡಿ ಹಿಡಿದು ತೋಟದ ಎಕರೆ ಅಳೆಯಲು ಹೊರಟರೆ ಬರುವಂಥ ಅಂತರ ಇದು. ತಕ್ಕಡಿಯೂ ಸರಿಯಿದೆ, ತೋಟವೂ ಸರಿಯಿದೆ. ಅಳೆಯಲು ಹೊರಟದ್ದೇ ತಪ್ಪು.

ಭದ್ರಾವತಿ, ಸಾಗರ, ತೀರ್ಥಹಳ್ಳಿಯ ಚರ್ಚುಗಳಿಗೆ ಬರುವ ಮಕ್ಕಳು ಭಾನುವಾರ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದಿಂದ ಆರು ದಿನದ ಸೃಷ್ಟಿಯ ಪಾಠ ಕೇಳುತ್ತಾರೆ, ಸೋಮವಾರ ಶಾಲೆಯಲ್ಲಿ 454 ಕೋಟಿ ವರ್ಷದ ಭೂಮಿಯನ್ನು ಓದುತ್ತಾರೆ. ಎರಡೂ ಒಂದೇ ಬಗೆಯ ಮಾಹಿತಿ ಎಂದು ನಾವು ಕಲಿಸಿಬಿಟ್ಟರೆ ಅವರಿಗೆ ಉಳಿಯುವುದು ಎರಡೇ ದಾರಿ: ವಿಜ್ಞಾನವನ್ನು ಪರೀಕ್ಷೆಗಷ್ಟೇ ಬಾಯಿಪಾಠ ಮಾಡುವುದು, ಇಲ್ಲವೇ ಕಾಲೇಜು ಸೇರಿದ ಮೇಲೆ ಸತ್ಯವೇದವನ್ನು ಅಟ್ಟಕ್ಕೆ ಹಾಕುವುದು. ಎರಡೂ ದೊಡ್ಡ ನಷ್ಟ. ಎರಡೂ ಬೇಕಿಲ್ಲದ ನಷ್ಟ. ಅದಕ್ಕಾಗಿ ಎರಡು ಲೆಕ್ಕಗಳೂ ಹೇಗೆ ಹುಟ್ಟಿದವು ಎಂಬುದನ್ನು ಬಿಡಿಸಿ ನೋಡಬೇಕು.

6,000ದ ಲೆಕ್ಕ

ಸತ್ಯವೇದದ ಯಾವ ವಚನದಲ್ಲೂ ಭೂಮಿಗೆ ಇಷ್ಟು ವಯಸ್ಸು ಎಂದು ಬರೆದಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಕಾಲಗಣನೆಯಲ್ಲಿ ಸೃಷ್ಟಿಯ ಆರಂಭವನ್ನು ಕ್ರಿ.ಪೂ. 4004ರ ಅಕ್ಟೋಬರ್ 23ರ ಹಿಂದಿನ ಸಂಜೆಗೆ ನಿಲ್ಲಿಸಿದರು. ಮುಂದೆ ಇಂಗ್ಲಿಷ್ ಬೈಬಲಿನ ಅಂಚುಗಳಲ್ಲಿ ಈ ಇಸವಿಗಳು ಅಚ್ಚಾಗತೊಡಗಿದವು. ಓದುವವರಿಗೆ ಅದೂ ವಚನದ ಭಾಗವೇ ಎನಿಸಿತು. ಅಷರ್ ತಮ್ಮ ಕಾಲದ ಬಹು ದೊಡ್ಡ ವಿದ್ವಾಂಸರು, ಕೈಗೆ ಸಿಕ್ಕ ದಾಖಲೆಗಳನ್ನೆಲ್ಲ ಜಾಲಾಡಿದವರು. ಅವರನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ವಿಧಾನ ಸರಳ. ಆದಿಕಾಂಡದ 5 ಮತ್ತು 11ನೇ ಅಧ್ಯಾಯಗಳಲ್ಲಿ ತಂದೆಗೆ ಇಷ್ಟು ವರ್ಷವಾದಾಗ ಮಗ ಹುಟ್ಟಿದ ಎಂಬ ಪಟ್ಟಿ ಇದೆ: ಆದಾಮನಿಗೆ 130 ಆದಾಗ ಸೇತ, ಸೇತನಿಗೆ 105 ಆದಾಗ ಎನೋಷ, ಹೀಗೆ. ಇವನ್ನು ಕೂಡಿಸಬೇಕು. ತೊಡಕು ಬರುವುದು ಇಲ್ಲಿಯೇ. ನಮ್ಮ ಕನ್ನಡ ಅನುವಾದಕ್ಕೆ ಆಧಾರವಾದ ಹೀಬ್ರೂ ಪಾಠದಲ್ಲಿ, ಅಂದರೆ ಪಠ್ಯದ ಹೀಬ್ರೂ ರೂಪದಲ್ಲಿ, ಸೃಷ್ಟಿಯಿಂದ ಜಲಪ್ರಳಯದವರೆಗೆ 1,656 ವರ್ಷ. ಯೆಹೂದ್ಯರ ನೆರೆಯ ಪಂಗಡವಾದ ಸಮಾರ್ಯರು ಉಳಿಸಿಕೊಂಡ ಪಾಠದಲ್ಲಿ 1,307. ಹಳೆಯ ಗ್ರೀಕ್ ಅನುವಾದದಲ್ಲಿ 2,200ಕ್ಕೂ ಮೇಲೆ, ಯಾಕೆಂದರೆ ಅದರಲ್ಲಿ ಸೇತ ಹುಟ್ಟುವಾಗ ಆದಾಮನಿಗೆ 230 ವರ್ಷ. ಆದಿ ಸಭೆಯವರು ಹೆಚ್ಚಾಗಿ ಓದಿದ್ದು ಈ ಗ್ರೀಕ್ ಪಾಠವನ್ನೇ. ಅಂದರೆ ಕೂಡಿಸುವ ಮೊದಲೇ ಯಾವ ಪಾಠದ ಸಂಖ್ಯೆ ಎಂದು ಆರಿಸಿಕೊಳ್ಳಬೇಕು. ಆ ಆಯ್ಕೆಯನ್ನು ವಚನ ಮಾಡಿಕೊಡುವುದಿಲ್ಲ.

ವಂಶಾವಳಿ ಬರೆಯುವ ರೀತಿಯೂ ಬೇರೆ. ಹೀಬ್ರೂವಿನ ‘ಬೆನ್’ ಎಂದರೆ ಮಗ, ವಂಶದವನು ಎರಡೂ ಹೌದು. ಮತ್ತಾಯನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೋರಾಮ ಮತ್ತು ಉಜ್ಜೀಯರ ನಡುವೆ ಮೂವರು ಅರಸರನ್ನು ಬಿಟ್ಟು 14, 14, 14 ತಲೆಮಾರುಗಳ ಮೂರು ಕಟ್ಟು ಮಾಡುತ್ತಾನೆ. ಅವನ ಓದುಗರಿಗೆ ಆ ಮೂವರು ಗೊತ್ತಿಲ್ಲದವರೇನಲ್ಲ. ಪಟ್ಟಿಯ ಉದ್ದೇಶ ಯೇಸು ಯಾರ ವಂಶದವನೆಂದು ತೋರಿಸುವುದು; ವರ್ಷ ಎಣಿಸುವುದಲ್ಲ. ಹಾಗೆಂದು ಆದಿಕಾಂಡ 5ರಲ್ಲೂ ತಲೆಮಾರು ಬಿಟ್ಟಿವೆ ಎಂದು ಎಳೆದೆಳೆದು 300 ಕೋಟಿಗೆ ಮುಟ್ಟಿಸಲು ಹೊರಟರೆ ಅದೂ ತಪ್ಪೇ. ಎಷ್ಟು ಎಳೆದರೂ ಅದು ಮುಟ್ಟುವುದಿಲ್ಲ, ಮುಟ್ಟಿಸಬೇಕಾಗಿಯೂ ಇಲ್ಲ.

ಕಲ್ಲಿನ ಲೆಕ್ಕ

ಮೊದಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಕಲ್ಲಿನ ವಯಸ್ಸನ್ನು ಕಾರ್ಬನ್‌ನಿಂದ ಅಳೆಯುವುದಿಲ್ಲ. ಕಾರ್ಬನ್-14 ಅರ್ಧಕ್ಕೆ ಇಳಿಯಲು 5,730 ವರ್ಷ ಸಾಕು, ಹಾಗಾಗಿ 50,000 ವರ್ಷದ ಆಚೆ ಅಳೆಯಲು ಏನೂ ಉಳಿದಿರುವುದಿಲ್ಲ. ಅದು ಮರ, ಮೂಳೆ, ಇದ್ದಿಲಿಗೆ. ‘ಕಾರ್ಬನ್ ಪರೀಕ್ಷೆಯಲ್ಲಿ ದೋಷವಿದೆ, ಆದ್ದರಿಂದ ಭೂಮಿ ಹಳೆಯದಲ್ಲ’ ಎಂಬ ವಾದ ಬುಡದಲ್ಲೇ ಬೀಳುವುದು ಇದಕ್ಕೆ.

ಗ್ನೈಸ್‌ಗೆ ಬಳಸುವುದು ಯುರೇನಿಯಂ ಮತ್ತು ಸೀಸ; ಯುರೇನಿಯಂ ಗೊತ್ತಾದ ವೇಗದಲ್ಲಿ ತಾನಾಗಿ ಸೀಸವಾಗುತ್ತ ಹೋಗುತ್ತದೆ. ಕೆಲಸ ಹೀಗೆ ನಡೆಯುತ್ತದೆ. ಮಳೆಗೆ ಸವೆದು ಮೆತ್ತಗಾದ ಕಲ್ಲು ಬೇಡ. ಕ್ವಾರಿಯಲ್ಲಿ ಹೊಸದಾಗಿ ಒಡೆದ, ಬಣ್ಣಗೆಡದ ಐದರಿಂದ ಹತ್ತು ಕಿಲೋ ಕಲ್ಲು ತರಬೇಕು. ಅದನ್ನು ಪುಡಿ ಮಾಡಿ, ಜರಡಿ ಹಿಡಿದು, ಹೆಚ್ಚು ಸಾಂದ್ರತೆಯ ದ್ರವದಲ್ಲಿ ಹಾಕಿದರೆ ಹಗುರ ಕಣಗಳು ತೇಲುತ್ತವೆ, ಭಾರದವು ತಳ ಸೇರುತ್ತವೆ. ಅಯಸ್ಕಾಂತಕ್ಕೆ ಅಂಟುವುದನ್ನು ತೆಗೆದುಬಿಟ್ಟರೆ ಉಳಿದದ್ದರಲ್ಲಿ ಜಿರ್ಕಾನ್ ಎಂಬ ಹರಳುಗಳಿರುತ್ತವೆ. ಗಾತ್ರ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸಬೇಕು. ಆಮೇಲೆ ಅವನ್ನು ರಾಳದಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ, ಒಳಗಿನ ಪದರಗಳ ಚಿತ್ರ ತೆಗೆದು, ಆರಿಸಿದ ಜಾಗಕ್ಕೆ ಲೇಸರ್ ಅಥವಾ ಅಯಾನು ಕಿರಣ ಹಾಯಿಸಿ ಎಷ್ಟು ಯುರೇನಿಯಂ, ಎಷ್ಟು ಸೀಸ ಎಂದು ಅಳೆಯುತ್ತಾರೆ.

ಜಿರ್ಕಾನೇ ಯಾಕೆ? ಅದು ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದ್ದರಿಂದ ಈಗ ಒಳಗೆ ಕಾಣುವ ಸೀಸ ಹೆಚ್ಚುಕಡಿಮೆ ಎಲ್ಲವೂ ಒಳಗೇ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು 446.8 ಕೋಟಿ ವರ್ಷ ಬೇಕು. ಅದು ಸೀಸ-206 ಆಗುತ್ತದೆ. ಯುರೇನಿಯಂ-235ಕ್ಕೆ 70.4 ಕೋಟಿ ವರ್ಷ. ಅದು ಸೀಸ-207 ಆಗುತ್ತದೆ. ಒಂದೇ ಹರಳಿನೊಳಗೆ ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಗಡಿಯಾರ. ಹರಳಿಗೆ 300 ಕೋಟಿ ವರ್ಷವಾಗಿದ್ದರೆ ಮೊದಲನೆಯದರಲ್ಲಿ ಶೇ. 63ರಷ್ಟು ಯುರೇನಿಯಂ ಉಳಿದಿರಬೇಕು, ಎರಡನೆಯದರಲ್ಲಿ ಶೇ. 5ರಷ್ಟು ಮಾತ್ರ. ಹರಳಿಗೆ 6,000 ವರ್ಷವಷ್ಟೇ ಆಗಿದ್ದರೆ ಯುರೇನಿಯಂ-238ರ ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು ಕೂಡ ಸರಾಸರಿಯಲ್ಲಿ ಸೀಸವಾಗಿರುತ್ತಿರಲಿಲ್ಲ. ಇದು ಸಣ್ಣ ಅಳತೆದೋಷದಿಂದ ಮುಚ್ಚಿಹೋಗುವ ವ್ಯತ್ಯಾಸವಲ್ಲ.

ತಪ್ಪುಗಳು ಆಗುವುದಿಲ್ಲವೆಂದಲ್ಲ. ಕಲ್ಲು ಮತ್ತೆ ಬಿಸಿಯಾದರೆ ಸೀಸ ಸೋರಿಹೋಗಬಹುದು, ಆಗ ವಯಸ್ಸು ಕಡಿಮೆ ಕಾಣುತ್ತದೆ. ಹಳೆಯ ಹರಳಿನ ಸುತ್ತ ಹೊಸ ಪದರ ಬೆಳೆದಿದ್ದು, ಕಿರಣ ಎರಡರ ಮೇಲೂ ಬಿದ್ದರೆ ಎರಡೂ ಅಲ್ಲದ ನಡುವಿನ ಸಂಖ್ಯೆ ಬರುತ್ತದೆ. ಇಂಥ ದೋಷವನ್ನು ಹಿಡಿಯುವುದಕ್ಕೇ ಎರಡು ಗಡಿಯಾರ ಬೇಕು: ಎರಡೂ ಒಂದೇ ವಯಸ್ಸು ಹೇಳಿದರೆ ಒಪ್ಪುತ್ತಾರೆ, ಹೇಳದಿದ್ದರೆ ಕಾರಣ ಹುಡುಕುತ್ತಾರೆ.

‘ಹಿಂದೆ ಯುರೇನಿಯಂ ಸೀಸವಾಗುವ ಈ ಕ್ಷಯ ಬಹಳ ವೇಗವಾಗಿ ನಡೆದಿರಬಹುದಲ್ಲ?’ ಎಂಬ ಪ್ರಶ್ನೆಗೂ ಉತ್ತರವಿದೆ. 1987ರಲ್ಲಿ ಕಂಡ ನಕ್ಷತ್ರಸ್ಫೋಟವೊಂದರ ಬೆಳಕು ಅಲ್ಲಿಂದ ಹೊರಟದ್ದು ಸುಮಾರು 1.68 ಲಕ್ಷ ವರ್ಷಗಳ ಹಿಂದೆ. ಆ ಬೆಳಕು ಮಂಕಾಗುತ್ತ ಹೋದ ರೀತಿ, ಅದಕ್ಕೆ ಇಂಧನವಾದ ಕೋಬಾಲ್ಟ್-56 ಇಂದಿನ ಪ್ರಯೋಗಾಲಯದಲ್ಲಿ ಸುಮಾರು 77 ದಿನಕ್ಕೆ ಅರ್ಧವಾಗುವ ವೇಗಕ್ಕೆ ಸರಿಹೊಂದಿತು. ಅಲ್ಲದೆ 300 ಕೋಟಿ ವರ್ಷದ ಕ್ಷಯವನ್ನು ಕೆಲವೇ ಸಾವಿರ ವರ್ಷಕ್ಕೆ ತುರುಕಿದರೆ ಹೊರಬೀಳುವ ಶಾಖಕ್ಕೆ ನೆಲದ ಕಲ್ಲೇ ಕರಗಬೇಕಿತ್ತು.

ಬಾಬಾಬುಡನ್‌ಗಿರಿ, ಕುದುರೆಮುಖದ ಕಬ್ಬಿಣದ ಅದಿರು ಈ ಗ್ನೈಸ್‌ಗಿಂತ ಈಚಿನದು, ಆದರೂ 250 ಕೋಟಿ ವರ್ಷಕ್ಕೂ ಹಳೆಯದು. ಕತ್ತರಿಸಿದರೆ ಕಬ್ಬಿಣ, ಸಿಲಿಕಾ, ಮತ್ತೆ ಕಬ್ಬಿಣ ಎಂದು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಬರುತ್ತಿದ್ದ ಅದಿರೂ ಇದೇ ಸಾಲಿನದು. ಆ ಕುಲುಮೆಯ ಮುಂದೆ ದುಡಿದವರ ಮನೆಮಕ್ಕಳಿಗೆ ಇದು ದೂರದ ವಿಷಯವಲ್ಲ.

ಕಣ್ಣಿಗೆ ಕಂಡಂತೆ ಹೇಳುವ ಮಾತು

ಜೂನ್ ಮೂರನೇ ವಾರ ಕಳೆಯುವಾಗ ಮಲೆನಾಡಿನಲ್ಲಿ ‘ಆರಿದ್ರಾ ಮಳೆ ಹುಟ್ಟಿತು’ ಎನ್ನುತ್ತೇವೆ. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ಎಣಿಸಿ ಸಸಿಮಡಿ, ನಾಟಿ, ಅಡಿಕೆಗೆ ಮದ್ದು ಹೊಡೆಯುವುದನ್ನು ಹೊಂದಿಸಿಕೊಳ್ಳುತ್ತೇವೆ. ಮಳೆ ಬರುವುದು ಅರಬ್ಬಿ ಸಮುದ್ರದ ಆವಿಯಿಂದ. ಆರಿದ್ರಾ ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಹಾಗೆ ಹೇಳಿದವರು ಸುಳ್ಳು ಹೇಳಿದರೆಂದು ಯಾರೂ ಅನ್ನುವುದಿಲ್ಲ. ಆಗುಂಬೆಯ ತುದಿಯಲ್ಲಿ ನಿಂತು ‘ಸೂರ್ಯ ಕಡಲಿಗೆ ಇಳಿದ’ ಎನ್ನುವವರಿಗೂ ಖಗೋಳ ಗೊತ್ತಿರುತ್ತದೆ.

ಯೆಹೋಶುವ 10ರಲ್ಲಿ ಸೂರ್ಯ ನಿಂತಿತು ಎಂಬ ಮಾತನ್ನು, ಭೂಮಿ ಕದಲದು ಎನ್ನುವ ಕೀರ್ತನೆಗಳನ್ನು ಹೀಗೆ ಕಂಡಂತೆ ಹೇಳಿದ ಮಾತೆಂದು ಓದದೆ ಖಗೋಳದ ವರದಿಯೆಂದು ಓದಿದ್ದರಿಂದಲೇ ಗೆಲಿಲಿಯೊ ಪ್ರಕರಣ ಅಷ್ಟು ದೂರ ಹೋಯಿತು. 1615ರಲ್ಲಿ ಟಸ್ಕನಿಯ ಗ್ರ್ಯಾಂಡ್ ಡಚೆಸ್ ಕ್ರಿಸ್ಟಿನಾ ಅವರಿಗೆ ಬರೆದ ಪತ್ರದಲ್ಲಿ ಗೆಲಿಲಿಯೊ ವಾದಿಸಿದ್ದು ಸತ್ಯವೇದ ತಪ್ಪೆಂದಲ್ಲ, ಓದುವ ರೀತಿ ತಪ್ಪೆಂದು. 1633ರಲ್ಲಿ ಅವರಿಗೆ ಶಿಕ್ಷೆಯಾಯಿತು. ತಪ್ಪು ನಡೆದಿತ್ತೆಂದು ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಒಪ್ಪಿಕೊಂಡರು. ಇಂದು ಯಾವ ಸಭೆಯಲ್ಲೂ ಭೂಮಿ ತಿರುಗುವುದು ನಂಬಿಕೆಗೆ ಅಡ್ಡಿಯಾಗಿಲ್ಲ.

ಈ ವಿವೇಕ ವಿಜ್ಞಾನಕ್ಕೆ ಹೆದರಿ ಈಚೆಗೆ ಹುಟ್ಟಿದ್ದೂ ಅಲ್ಲ. ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗೆ ಎಂದು 3ನೇ ಶತಮಾನದಲ್ಲೇ ಆದಿ ಸಭೆಯ ವಿದ್ವಾಂಸ ಒರಿಗೆನ್ ಕೇಳಿದ್ದರು. 5ನೇ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನ್, ಆರು ದಿನಗಳು ನಮ್ಮ ದಿನಗಳಂಥವಲ್ಲ ಎಂದು ವಾದಿಸಿದರು. ಆಕಾಶ, ನಕ್ಷತ್ರಗಳ ವಿಷಯ ಬಲ್ಲ ಅನ್ಯಮತೀಯನ ಮುಂದೆ ಕ್ರೈಸ್ತನೊಬ್ಬ ವಚನ ಹಿಡಿದು ತಪ್ಪುತಪ್ಪು ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅವನ ಮಾತನ್ನು ಯಾರು ನಂಬುತ್ತಾರೆ ಎಂದು ಎಚ್ಚರಿಸಿದರು. 1554ರ ಆದಿಕಾಂಡದ ವ್ಯಾಖ್ಯಾನದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್, ಖಗೋಳಜ್ಞರ ಲೆಕ್ಕದಲ್ಲಿ ಶನಿಗ್ರಹ ಚಂದ್ರನಿಗಿಂತ ದೊಡ್ಡದಾದರೂ ಮೋಶೆ ಚಂದ್ರನನ್ನೇ ಎರಡು ದೊಡ್ಡ ಬೆಳಕುಗಳಲ್ಲಿ ಒಂದೆಂದದ್ದು ಸಾಮಾನ್ಯ ಜನರ ಕಣ್ಣಿಗೆ ಕಂಡಂತೆ ಬರೆದದ್ದರಿಂದ ಎಂದು ವಿವರಿಸಿದರು.

ಆರು ದಿನಗಳನ್ನು ಓದುವುದು ಹೇಗೆ

ಪೆನ್ಸಿಲ್ ಹಿಡಿದು ಆದಿಕಾಂಡದ ಮೊದಲ ಅಧ್ಯಾಯವನ್ನೂ ಎರಡನೆಯದರ ಮೊದಲ ಮೂರು ವಚನಗಳನ್ನೂ ಒಂದೇ ಉಸಿರಿಗೆ, ಗಟ್ಟಿಯಾಗಿ ಓದಿ. ‘ದೇವರು ಅಂದನು’ ಎಂಬಂಥದ್ದು ಹೀಬ್ರೂ ಮೂಲದಲ್ಲಿ ಹತ್ತು ಸಲ ಬರುತ್ತದೆ. ‘ಒಳ್ಳೆಯದು’ ಎಂಬುದು ಏಳು ಸಲ. ‘ಸಾಯಂಕಾಲವೂ ಪ್ರಾತಃಕಾಲವೂ’ ಎಂಬ ಪಲ್ಲವಿ ಆರು ಸಲ. ಏಳನೆಯ ದಿನಕ್ಕೆ ಅದಿಲ್ಲ, ಆ ದಿನ ಮುಗಿಯುವುದೇ ಇಲ್ಲ. ಎರಡನೆಯ ದಿನಕ್ಕೆ ‘ಒಳ್ಳೆಯದು’ ಇಲ್ಲ, ಮೂರನೆಯ ದಿನಕ್ಕೆ ಎರಡಿವೆ. ಎಣಿಸಿ ಕಟ್ಟಿದ ಬರಹ ಇದು.

ಈಗ ಹಾಳೆಯನ್ನು ಎರಡು ಕಂಬಸಾಲು ಮಾಡಿ. ಮೊದಲ ಸಾಲಿನಲ್ಲಿ ಒಂದು, ಎರಡು, ಮೂರನೆಯ ದಿನ. ಎದುರಿಗೆ ನಾಲ್ಕು, ಐದು, ಆರು. ಒಂದನೆಯ ದಿನ ಬೆಳಕು, ಎದುರಿನ ನಾಲ್ಕನೆಯ ದಿನ ಬೆಳಕಿನ ದೀಪಗಳು. ಎರಡನೆಯ ದಿನ ಆಕಾಶ ಮತ್ತು ನೀರು, ಐದನೆಯ ದಿನ ಹಕ್ಕಿ ಮತ್ತು ಮೀನು. ಮೂರನೆಯ ದಿನ ಒಣನೆಲ, ಆರನೆಯ ದಿನ ನೆಲದ ಪ್ರಾಣಿ ಮತ್ತು ಮನುಷ್ಯ. ಮೊದಲು ಮನೆ ಕಟ್ಟುವುದು, ಆಮೇಲೆ ಒಕ್ಕಲು ಕೂರಿಸುವುದು. ಸೂರ್ಯನಿಗಿಂತ ಮೊದಲೇ ಬೆಳಕು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಡಿಲವಾಗುತ್ತದೆ. ಇಲ್ಲಿನ ಕ್ರಮ ಕಾಲದ್ದಲ್ಲ, ಕಟ್ಟಿನದು. ಸಾಗರ ಸೀಮೆಯ ದೀವರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರದಲ್ಲಿ ಮದುವೆಯ ಮನೆ, ತೇರು, ಪಲ್ಲಕ್ಕಿ ಎಲ್ಲ ಇರುತ್ತವೆ. ಅದಕ್ಕೆ ಟೇಪು ಹಿಡಿದು ಮನೆಯ ಅಡಿ ಲೆಕ್ಕ ಮಾಡುವವರಿಲ್ಲ. ಆ ಚಿತ್ತಾರ ಹೇಳುವುದೆಲ್ಲ ನಿಜ. ಇಂಜಿನಿಯರ್ ಕೇಳುವುದನ್ನು ಮಾತ್ರ ಅದು ಹೇಳಲು ಹೊರಟಿಲ್ಲ.

ಮೊದಲ ಕೇಳುಗರಿಗೆ ಕೇಳಿಸಿದ್ದನ್ನು ನಾವು ತಪ್ಪಿಸಿಕೊಳ್ಳುವುದು ಇನ್ನೂ ದೊಡ್ಡ ನಷ್ಟ. ನಾಲ್ಕನೆಯ ದಿನ ಸೂರ್ಯ, ಚಂದ್ರ ಎಂಬ ಹೆಸರೇ ಬರುವುದಿಲ್ಲ. ‘ದೊಡ್ಡ ಬೆಳಕು’, ‘ಚಿಕ್ಕ ಬೆಳಕು’ ಅಷ್ಟೇ. ಸುತ್ತಲಿನ ನಾಡುಗಳಲ್ಲಿ ಆ ಹೆಸರುಗಳು ದೇವತೆಗಳವು. ನೀವು ಪೂಜಿಸುವುದನ್ನು ನಮ್ಮ ದೇವರು ದೀಪದಂತೆ ನೇತುಹಾಕಿದ್ದಾನೆ ಎಂಬ ಆ ಮಾತು ಅಂದಿನ ಬಲವಾದ ಸಾಮ್ರಾಜ್ಯಗಳ ನಡುವೆ ಎಷ್ಟು ಧೈರ್ಯದ್ದು! ಇದನ್ನು ಬಿಟ್ಟು ದಿನಕ್ಕೆ 24 ಗಂಟೆಯೋ ಅಲ್ಲವೋ ಎಂದು ಜಗಳಾಡುತ್ತೇವೆ.

ಎರಡನೆಯ ದಿನದ ‘ಗುಮಟ’ವನ್ನೂ ನೋಡಬೇಕು. ಹೀಬ್ರೂವಿನ ‘ರಾಕೀಅ’ ಎಂಬ ಪದ ಲೋಹವನ್ನು ಬಡಿದು ತಗಡು ಮಾಡುವ ಕ್ರಿಯೆಯಿಂದ ಬಂದದ್ದು. ಮೇಲಿನ ನೀರನ್ನು ತಡೆದು ನಿಲ್ಲಿಸಿದ ಗಟ್ಟಿ ಚಾವಣಿ. ಆ ಕಾಲದವರೆಲ್ಲ ಆಕಾಶವನ್ನು ಹಾಗೇ ಕಲ್ಪಿಸಿಕೊಂಡಿದ್ದರು. ಇದನ್ನು ಎಳೆದಾಡಿ ವಾಯುಮಂಡಲವೆಂದು ಮಾಡುವುದಕ್ಕಿಂತ, ಅವರ ಮನಸ್ಸಿನಲ್ಲಿದ್ದ ಲೋಕದ ಚಿತ್ರದಲ್ಲೇ ದೇವರು ಅವರೊಡನೆ ಮಾತಾಡಿದ ಎಂದು ಒಪ್ಪುವುದು ಪಠ್ಯಕ್ಕೆ ಹೆಚ್ಚು ಮರ್ಯಾದೆ.

ಹೊಂದಾಣಿಕೆಯ ಹೆಸರಿನಲ್ಲಿ ಹೆಚ್ಚು ಜನ ಬೀಳುವ ಹಳ್ಳ ಬೇರೆ. ಹೀಬ್ರೂವಿನ ‘ಯೋಮ್’ ಎಂದರೆ ದಿನವೂ ಹೌದು, ಕಾಲವೂ ಹೌದು; ಆದಿಕಾಂಡ 2:4ರಲ್ಲಿ ಇಡೀ ಸೃಷ್ಟಿಗೇ ಒಂದೇ ‘ಯೋಮ್’. ಹಾಗಾಗಿ ಒಂದೊಂದು ದಿನವೂ ಕೋಟಿಗಟ್ಟಲೆ ವರ್ಷದ ಯುಗ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಕ್ರಮ ಹೊಂದುವುದಿಲ್ಲ. ಹಣ್ಣಿನ ಮರ ಮೂರನೆಯ ದಿನ, ಮೀನು ಐದನೆಯ ದಿನ; ಪಳೆಯುಳಿಕೆಗಳಲ್ಲಿ ಮೀನು 50 ಕೋಟಿ ವರ್ಷದಷ್ಟು ಹಿಂದೆ, ಹೂಬಿಡುವ ಮರಗಿಡ 13 ಕೋಟಿ ವರ್ಷದ ಆಸುಪಾಸಿನಲ್ಲಿ. ಹಕ್ಕಿ ಐದನೆಯ ದಿನ, ಹರಿದಾಡುವ ಪ್ರಾಣಿ ಆರನೆಯ ದಿನ. ಪಳೆಯುಳಿಕೆಯಲ್ಲಿ ಸರೀಸೃಪ ಮೊದಲು, ಹಕ್ಕಿ ಆಮೇಲೆ. ವಚನದೊಳಗೆ ವಿಜ್ಞಾನ ತುರುಕಿದರೆ ಇವತ್ತು ಹೊಂದಿದಂತೆ ಕಂಡದ್ದು ನಾಳೆ ಹೊಂದದು. ಬಿಗ್ ಬ್ಯಾಂಗ್‌ನ ಮೊದಲ ರೂಪವನ್ನು ಮುಂದಿಟ್ಟ ಜಾರ್ಜ್ ಲೆಮೈತ್ರ್ ಸ್ವತಃ ಕಥೋಲಿಕ ಗುರುಗಳು. 1951ರಲ್ಲಿ ಪೋಪ್ 12ನೇ ಪಯಸ್ ಆ ಸಿದ್ಧಾಂತವನ್ನು ‘ಬೆಳಕಾಗಲಿ’ ಎಂಬ ವಚನಕ್ಕೆ ಜೋಡಿಸುವ ಧಾಟಿಯಲ್ಲಿ ಮಾತಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ಸಿದ್ಧಾಂತ ನಾಳೆ ತಿದ್ದುಪಡಿಯಾದರೆ ನಂಬಿಕೆಗೆ ಪೆಟ್ಟು ಬೀಳಬಾರದೆಂಬ ಅವರ ಕಾಳಜಿ ಇವತ್ತಿಗೂ ಪಾಠ.

‘ದೇವರು ಮಾಡಿದನು’ ಎಂದಮೇಲೆ ನಿಸರ್ಗದ ಕ್ರಮಕ್ಕೆ ಜಾಗವಿಲ್ಲ ಎನ್ನುವವರು ಕೀರ್ತನೆ 139:13 ಓದಬೇಕು: ದೇವರು ತನ್ನನ್ನು ತಾಯಿಯ ಗರ್ಭದಲ್ಲಿ ರೂಪಿಸಿದನೆಂದು ಕೀರ್ತನೆಕಾರ ಹಾಡುತ್ತಾನೆ. ಅದನ್ನು ಹಾಡಿಬಂದ ತಾಯಂದಿರೇ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾರೆ. ಎರಡರ ನಡುವೆ ಜಗಳವಿದೆಯೆಂದು ಯಾರಿಗೂ ಅನಿಸಿಲ್ಲ. ಗರ್ಭದೊಳಗಿನ ಒಂಬತ್ತು ತಿಂಗಳ ಬೆಳವಣಿಗೆಗೆ ಒಪ್ಪುವ ಓದು ಭೂಮಿಯ ಮೇಲಿನ ಕೋಟ್ಯಂತರ ವರ್ಷದ ಬೆಳವಣಿಗೆಗೂ ಒಪ್ಪುತ್ತದೆ.

ಜಲಪ್ರಳಯಕ್ಕೆ ಆಗುಂಬೆಯ ಲೆಕ್ಕ

ನೋಹನ ಕಾಲದ ನಲವತ್ತು ದಿನದ ಮಳೆಗೆ ಇಡೀ ಭೂಗೋಳದ ಬೆಟ್ಟಗಳೆಲ್ಲ ಮುಳುಗಿದವೆಂದು ಅಕ್ಷರಶಃ ಓದುವವರಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7.5 ಮೀಟರ್ ಮಳೆ. ನಲವತ್ತು ದಿನದ ಮಳೆಯಿಂದ 8,849 ಮೀಟರ್ ಎತ್ತರದ ಎವರೆಸ್ಟ್ ಮುಳುಗಬೇಕಾದರೆ ದಿನಕ್ಕೆ 221 ಮೀಟರ್ ಸುರಿಯಬೇಕು: ಆಗುಂಬೆಯ 29 ವರ್ಷದ ಮಳೆ ಒಂದೊಂದು ದಿನವೂ, ಅದೂ ಇಡೀ ಭೂಗೋಳದ ಮೇಲೆ. ಬೇಕಾಗುವ ನೀರು ಈಗ ಎಲ್ಲ ಸಾಗರಗಳಲ್ಲಿರುವುದರ ಮೂರು ಪಟ್ಟಿಗೂ ಹೆಚ್ಚು. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಆಗ ಬೆಟ್ಟಗಳು ತಗ್ಗಿದ್ದವು, ಆಮೇಲೆ ಎದ್ದವು ಎಂದರೆ ಹಿಮಾಲಯವೇ ಕೆಲವು ತಿಂಗಳಲ್ಲಿ ಮೇಲೆದ್ದು ನಿಲ್ಲಬೇಕಾಗುತ್ತದೆ.

ನಮ್ಮ ನೆಲವೂ ಬೇರೆಯದನ್ನೇ ಹೇಳುತ್ತದೆ. ಕೂಡ್ಲಿಯಲ್ಲಿ ತುಂಗಾ, ಭದ್ರಾ ಸೇರುವಲ್ಲಿ ನೆರೆ ಇಳಿದ ಮೇಲೆ ದಂಡೆ ನೋಡಿದರೆ ಮರಳು ಕೆಳಗೆ, ನುಣ್ಣನೆ ಹೂಳು ಮೇಲೆ. ನೆರೆಯ ಗುರುತು ಅದು. ಹೊಸನಗರ, ಸಾಗರದ ಕಡೆ ಬಾವಿ ತೋಡುವವರಿಗೆ ಸಿಗುವ ಕ್ರಮವೇ ಬೇರೆ: ಮೇಲೆ ಗಟ್ಟಿ ಜಂಬಿಟ್ಟಿಗೆ, ಕೆಳಗೆ ಬಣ್ಣಬಣ್ಣದ ಜೇಡಿ, ಅದರಡಿ ಬಿಳಿ ಶೇಡಿಮಣ್ಣು, ಕೊನೆಗೆ ಮೂಲ ಕಲ್ಲು. ಈ ಪದರಗಳನ್ನು ನೀರು ಹೊತ್ತು ತಂದಿಲ್ಲ. ಅಲ್ಲೇ ಇದ್ದ ಕಲ್ಲು ಮಳೆಗಾಲ, ಬೇಸಿಗೆಗಳ ಸರದಿಯಲ್ಲಿ ಕೊಳೆಯುತ್ತ, ಸಿಲಿಕಾ ಸೋರಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಆದದ್ದು. ಒಂದು ವರ್ಷದ ಪ್ರಳಯಕ್ಕೆ ಸಿಗುವ ಸಮಯವಲ್ಲ ಅದು. (ಈ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟಿನ್ ಪದದಿಂದ ಕೊಟ್ಟ ಲ್ಯಾಟರೈಟ್ ಎಂಬ ಹೆಸರಿನ ಅರ್ಥದಲ್ಲೂ, ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ.)

ಪಶ್ಚಿಮ ಘಟ್ಟದ ಒದ್ದೆ ಮಣ್ಣಿನಲ್ಲಿ ಎರೆಹುಳದಂತೆ ಕಾಣುವ ಕಾಲಿಲ್ಲದ ಉಭಯವಾಸಿ ಒಂದಿದೆ, ಸಿಸಿಲಿಯನ್. ಉಪ್ಪುನೀರು ಅದಕ್ಕೆ ಆಗದು. ಆದರೂ ಘಟ್ಟದ ಕೆಲವು ಸಿಸಿಲಿಯನ್‌ಗಳ ಹತ್ತಿರದ ನೆಂಟರು ಇರುವುದು ಸಮುದ್ರದಾಚೆಯ ಸೆಶೆಲ್ಸ್ ದ್ವೀಪಗಳಲ್ಲಿ. ಆರು ಕೋಟಿ ವರ್ಷಗಳಿಗೂ ಹಿಂದೆ ಆ ದ್ವೀಪಗಳು ಮತ್ತು ಭಾರತ ಒಂದೇ ನೆಲವಾಗಿದ್ದವು ಎಂದರೆ ಇದು ಅರ್ಥವಾಗುತ್ತದೆ. ನೋಹನ ನಾವೆ ನಿಂತ ಅರರಾಟ್ ಬೆಟ್ಟದಿಂದ ಹೊರಟು ಒಂದು ಗುಂಪು ಇಲ್ಲಿಗೆ, ಇನ್ನೊಂದು ಕಡಲು ದಾಟಿ ಅಲ್ಲಿಗೆ ಹೋಯಿತೆಂದರೆ ಅರ್ಥವಾಗುವುದಿಲ್ಲ.

ಹಾಗಾದರೆ ನೋಹನ ಕಥೆ? ‘ಭೂಮಿಯೆಲ್ಲ’ ಎಂಬ ಹೀಬ್ರೂ ಮಾತು ‘ನಾಡೆಲ್ಲ’ ಎಂದೂ ಆಗುತ್ತದೆ. ಆದಿಕಾಂಡ 41:57ರಲ್ಲಿ ಭೂಮಿಯವರೆಲ್ಲ ಯೋಸೇಫನ ಬಳಿ ಧಾನ್ಯ ಕೊಳ್ಳಲು ಬಂದರೆಂದರೆ ಮಲೆನಾಡಿನಿಂದಲೂ ಹೋದರೆಂದು ಅರ್ಥವಲ್ಲ. ದಕ್ಷಿಣ ಇರಾಕಿನ ಊರ್, ಶುರುಪ್ಪಕ್‌ಗಳ ಅಗೆತದಲ್ಲಿ ನೆರೆಯ ಹೂಳು ಸಿಕ್ಕಿದೆ, ಆದರೆ ಎಲ್ಲವೂ ಒಂದೇ ಕಾಲದ್ದಲ್ಲ. ಆ ಸೀಮೆಯಲ್ಲಿ ಪ್ರಳಯದ ಕಥೆ ಇಸ್ರಾಯೇಲರಿಗಿಂತ ಮೊದಲೇ ಇತ್ತು. ಆ ಹಳೆಯ ಕಥೆಯೊಂದರಲ್ಲಿ ಮನುಷ್ಯರ ಗದ್ದಲಕ್ಕೆ ನಿದ್ದೆಗೆಟ್ಟ ದೇವತೆ ನೀರು ಬಿಡುತ್ತಾನೆ. ಆದಿಕಾಂಡ 6ರಲ್ಲಿ ಕಾರಣ, ಲೋಕದಲ್ಲಿ ತುಂಬಿದ ಹಿಂಸೆ ಮತ್ತು ಅನ್ಯಾಯ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಸತ್ಯವೇದ ಎಲ್ಲಿ ಬೇರೆಯಾಯಿತು ಎಂಬುದು ತಾನಾಗಿ ಕಾಣುತ್ತದೆ. ಪಾಠ ಮಾಡುವಾಗ ಒತ್ತು ಕೊಡಬೇಕಾದದ್ದು ಅಲ್ಲಿಗೆ.

ಸುಲಭವಲ್ಲದ ಜಾಗಗಳು

ಭೂಮಿಯ ವಯಸ್ಸಿನಲ್ಲಿ ಹೊಂದಿಕೆ ಸುಲಭ. ಆದಾಮನ ವಿಷಯ ಸುಲಭವಲ್ಲ, ಸುಲಭವೆಂದು ಹೇಳುವವರನ್ನು ನಂಬಬಾರದು. ಇಂದಿನ ಮನುಷ್ಯರ ವಂಶವಾಹಿಗಳಲ್ಲಿರುವ ವೈವಿಧ್ಯ ನೋಡಿದರೆ ನಮ್ಮ ಕುಲ ಬಂದದ್ದು ಇಬ್ಬರಿಂದಲ್ಲ, ಸಾವಿರಾರು ಜನರ ಗುಂಪಿನಿಂದ. ಅತ್ತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ‘ಒಬ್ಬ ಮನುಷ್ಯ’ನಿಂದ ಬಂದ ಪಾಪವನ್ನು ‘ಒಬ್ಬ ಮನುಷ್ಯ’ನಾದ ಕ್ರಿಸ್ತನಿಂದ ಬಂದ ಕೃಪೆಯ ಎದುರಿಗಿಡುತ್ತಾನೆ. ಆದಾಮನನ್ನು ತೆಗೆದುಬಿಟ್ಟರೆ ಪೌಲನ ಹೋಲಿಕೆ ಏನಾಗುತ್ತದೆ?

ನಂಬಿಕೆಯಲ್ಲಿ ಗಟ್ಟಿಯಾಗಿರುವ ವಿದ್ವಾಂಸರೇ ಇಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಹಲವರಿದ್ದ ಕಾಲದಲ್ಲಿ ದೇವರು ತನ್ನ ಒಡನಾಟಕ್ಕೆ ಕರೆದ ಮೊದಲ ದಂಪತಿ, ಎಲ್ಲರ ಪ್ರತಿನಿಧಿಗಳು ಎನ್ನುವವರು ಕೆಲವರು. ‘ಆದಾಮ’ ಎಂಬುದು ‘ಅದಾಮಾ’, ಅಂದರೆ ಮಣ್ಣು ಎಂಬುದರ ಜೊತೆ ಪ್ರಾಸವಾಗುವ ಪದ, ಹೀಬ್ರೂವಿನಲ್ಲಿ ಬಹಳ ಕಡೆ ‘ಆ ಮನುಷ್ಯ’ ಎಂದೇ ಬರುತ್ತದೆ, ಆದ್ದರಿಂದ ಅದು ನಮ್ಮೆಲ್ಲರ ಕಥೆ ಎನ್ನುವವರು ಇನ್ನು ಕೆಲವರು. ಅಕ್ಷರಶಃ ಒಂದೇ ಜೋಡಿ ಎಂದು ಹಿಡಿದವರೂ ಇದ್ದಾರೆ. ಕಥೋಲಿಕ ಸಭೆಯಲ್ಲಿ 1950ರ ಪೋಪ್ ಪತ್ರ ಮನುಷ್ಯ ದೇಹದ ವಿಕಾಸದ ಬಗ್ಗೆ ಅಧ್ಯಯನಕ್ಕೆ ಬಾಗಿಲು ತೆರೆಯಿತು, ಆದರೆ ಹಲವು ಮೂಲಪುರುಷರೆಂಬ ವಾದವನ್ನು ಸುಲಭವಾಗಿ ಒಪ್ಪಲಿಲ್ಲ; 1996ರಲ್ಲಿ ಎರಡನೇ ಜಾನ್ ಪಾಲ್ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದೆಂದರು. ನಮಗೆ ಮೊದಲ ದಾರಿ ಪೌಲನಿಗೂ ವಂಶವಾಹಿಗಳಿಗೂ ಹೆಚ್ಚು ನ್ಯಾಯ ಕೊಡುತ್ತದೆಂದು ತೋರುತ್ತದೆ. ಆದರೆ ಇದು ಮುಗಿದ ಪ್ರಶ್ನೆಯಲ್ಲ.

ಇನ್ನೊಂದು ಎಚ್ಚರ. ಆದಿಕಾಂಡ 1 ಕಾವ್ಯದ ಕಟ್ಟಿನದು ಎಂದಾಕ್ಷಣ ಸತ್ಯವೇದವೆಲ್ಲ ಕಾವ್ಯವಾಗಿಬಿಡುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು ಪುನರುತ್ಥಾನದ ಬಗ್ಗೆ ಬರೆಯುವಾಗ ಪಲ್ಲವಿಯಿಲ್ಲ, ಜೋಡಿ ಸಾಲುಗಳಿಲ್ಲ. ಯೇಸು ಯಾರ್ಯಾರಿಗೆ ಕಾಣಿಸಿಕೊಂಡನು, ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಎಂದು ಸಾಕ್ಷಿಗಳ ಪಟ್ಟಿ ಕೊಡುತ್ತಾನೆ. ಅದು ಸಾಕ್ಷ್ಯದ ಬರಹ. ಅದನ್ನು ನಂಬಬಹುದು, ಅಲ್ಲಗಳೆಯಬಹುದು, ಚಿತ್ತಾರವೆಂದು ಜಾರಿಕೊಳ್ಳಲಾಗದು. ಒಮ್ಮೆ ಮಾತ್ರ ನಡೆದ ಘಟನೆಯನ್ನು ಮತ್ತೆ ಮತ್ತೆ ಪ್ರಯೋಗ ಮಾಡಿ ತೀರ್ಮಾನಿಸುವ ಉಪಾಯವೂ ವಿಜ್ಞಾನದಲ್ಲಿಲ್ಲ.

ತರಗತಿಯಲ್ಲಿ

ಇದನ್ನು ಕಲಿಸಲು ಒಂದೂವರೆ ಗಂಟೆಯ ಮೂರು ಭಾನುವಾರ ಬೇಕು. ಒಂದೇ ದಿನ ಮುಗಿಸಲು ಹೋದರೆ ವಾದವಷ್ಟೇ ಉಳಿಯುತ್ತದೆ, ಓದು ಆಗುವುದಿಲ್ಲ. ಮೊದಲ ವಾರ ವಿಜ್ಞಾನದ ಮಾತೇ ಬೇಡ. ಪಠ್ಯ ಓದಿ, ಪೆನ್ಸಿಲ್ ಗುರುತು ಹಾಕಿ, ಎರಡು ಸಾಲು ಮಾಡಿ. ಎರಡನೆಯ ವಾರ ಸತ್ಯವೇದದ ಮಾತೇ ಬೇಡ. ಕ್ವಾರಿಯಿಂದ ಒಂದು ತುಂಡು ಗ್ನೈಸ್, ಒಂದು ಜಂಬಿಟ್ಟಿಗೆ ಚೂರು ತಂದು ಮಕ್ಕಳ ಕೈಗೆ ಕೊಟ್ಟು ಗಡಿಯಾರದ ಲೆಕ್ಕ ಮಾಡಿಸಿ. ಮೊದಲ ದಿನವೇ ಎರಡನ್ನೂ ಬೆರೆಸುವುದೇ ಸಾಮಾನ್ಯವಾಗಿ ಆಗುವ ತಪ್ಪು; ಆಗ ದೊಡ್ಡ ದನಿಯವರು ಗೆಲ್ಲುತ್ತಾರೆ, ಚಿಕ್ಕವರು ಸುಮ್ಮನಾಗುತ್ತಾರೆ. ಮಗುವೊಂದು ‘ನಾವೆಯಲ್ಲಿ ಡೈನೋಸಾರ್ ಇತ್ತಾ?’ ಎಂದು ಕೇಳಿದರೆ ನಕ್ಕುಬಿಡಬೇಡಿ. ಅವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ನಮ್ಮಂಥ ಮನುಷ್ಯರು ಬಂದು ಮೂರು ಲಕ್ಷ ವರ್ಷದ ಆಸುಪಾಸು, ಆದ್ದರಿಂದ ನೋಹನ ಕಥೆ ಕೇಳಿದವರಿಗೆ ಅವು ಗೊತ್ತೇ ಇರಲಿಲ್ಲ ಎಂದು ನೇರವಾಗಿ ಹೇಳಿ.

ಮೂರನೆಯ ವಾರ ಪ್ರತಿಯೊಬ್ಬರಿಂದಲೂ ಚೀಟಿಯಲ್ಲಿ ಒಂದೊಂದು ಪ್ರಶ್ನೆ ಬರೆಸಿ, ಕಲ್ಲಿಗೆ ಕೇಳಬೇಕಾದ್ದನ್ನು ಕಲ್ಲಿನ ಪಕ್ಕ, ಪಠ್ಯಕ್ಕೆ ಕೇಳಬೇಕಾದ್ದನ್ನು ಸತ್ಯವೇದದ ಪಕ್ಕ ಮಕ್ಕಳೇ ಇಡಲಿ. ‘ಭೂಮಿ ಎಷ್ಟು ಹಳೆಯದು’ ಕಲ್ಲಿನ ಬದಿಗೆ ಹೋಗುತ್ತದೆ. ‘ದೇವರಿಗೆ ಯಾಕೆ ವಿಶ್ರಾಂತಿ ಬೇಕಾಯಿತು’ ಇನ್ನೊಂದು ಬದಿಗೆ. ‘ಆದಾಮನಿಗಿಂತ ಮೊದಲೇ ಪ್ರಾಣಿಗಳು ಸಾಯುತ್ತಿದ್ದವಾ, ಹಾಗಾದರೆ ಸಾವು ಎಲ್ಲಿಂದ ಬಂತು’ ಎಂಬಂಥ ಚೀಟಿ ಎರಡರ ನಡುವೆ ಉಳಿಯುತ್ತದೆ. ಅದನ್ನು ಬಲವಂತದಿಂದ ಯಾವ ಬದಿಗೂ ತಳ್ಳಬೇಡಿ. ಮೇಜಿನ ಮೇಲೆ ಹಾಗೇ ಬಿಟ್ಟು, ನಾಲ್ಕನೆಯ ಭಾನುವಾರಕ್ಕೆ ಇಟ್ಟುಕೊಳ್ಳಿ.